ಅತ್ತೆಯ ಕಣ್ಣು ಕೇಳಿದ ಬೇಸಿಗೆ

ಬಸ್ಸು ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ನಿಧಾನವಾಯಿತು. ಬೇಯಿಸಿದ ನೆಲ್ಲಿನ ಬಿಸಿ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುತ್ತಾರೆ. ಹಚ್ಚೊಳ್ಳಿ ನನ್ನ ತವರು. ಮೊದಲೆಲ್ಲ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಹೊಟ್ಟೆ ಚುರ್ ಎನ್ನುತ್ತಿತ್ತು. ಈಗ ಮೂಗಿಗೆ ಸೆರಗು ಅಡ್ಡ ಹಿಡಿಯುತ್ತೇನೆ.

ಕಿಟಕಿಯ ಸೀಟು ನನ್ನದು. ಬಸ್ಸಿನಲ್ಲಿ ನನಗೆ ವಾಂತಿಯಾಗುತ್ತದೆ ಎಂದು ಮನೆಯವರೆಲ್ಲ ಅದನ್ನು ನನಗೇ ಬಿಡುತ್ತಾರೆ. ಪಕ್ಕದಲ್ಲಿ ನನ್ನ ತಮ್ಮನ ಹೆಂಡತಿ ಪಂಪಮ್ಮ ಕೂತಿದ್ದಳು. ನನ್ನ ಮೇಲೆ ಬಾಗಿ, ರಸ್ತೆ ಬದಿಯಲ್ಲಿ ತಾಡಪತ್ರಿಯ ಮೇಲೆ ಒಣಹಾಕಿದ ರಾಶಿಗಳನ್ನು ನೋಡಿ, "ಅಕ್ಕಾ, ಈ ಸಲ ನೆಲ್ಲು ಚೊಲೋ ಬಂದೈತಿ ನೋಡ್ರಿ" ಎಂದಳು. ತವರಿನಿಂದ ನಾವಿಬ್ಬರೂ ಕುರುಗೋಡಿಗೆ ಹೊರಟಿದ್ದೆವು. ನನ್ನ ಸೋದರತ್ತೆ ನೀಲಮ್ಮನ ಮಗ ಬಸಪ್ಪ ಮಾವನ ಮನೆಯಲ್ಲಿ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಅತ್ತೆಯ ಹೆಸರನ್ನೇ ಇಡುತ್ತಾರೆ ಎಂದು ಗೊತ್ತಿತ್ತು. ಪಂಪಮ್ಮನನ್ನು ಕರೆದುಕೊಂಡೇ ಬರಬೇಕೆಂದು ಮಾವ ಮತ್ತೆ ಮತ್ತೆ ಫೋನು ಮಾಡಿದ್ದ. ಯಾಕೆಂದು ನನಗೆ ಗೊತ್ತಿತ್ತು, ಅದಕ್ಕೇ ದಾರಿಯುದ್ದಕ್ಕೂ ನನಗೆ ಸಮಾಧಾನವಿರಲಿಲ್ಲ.

ಎಲ್ಲ ಶುರುವಾದದ್ದು ಹಿಂದಿನ ಒಂದು ಸುಗ್ಗಿಯಲ್ಲಿ, ಇಂಥದೇ ಒಂದು ರಾಶಿಯ ಮುಂದೆ. ಪಂಪಮ್ಮ ಊರ ಹೊರಗಿನ ಡಾಂಬರು ರಸ್ತೆಯ ಮೇಲೆ ನೆಲ್ಲು ಹರವಿ ಕಾಲಿನಿಂದ ತಿರುವುತ್ತಿದ್ದಳು. ಒಂದು ಲಾರಿ ರಭಸದಿಂದ ಹಾದುಹೋಯಿತು. ಎದ್ದ ಹೊಟ್ಟಿನಲ್ಲಿ ಒಂದು ಮುಳ್ಳು ಬಲಗಣ್ಣಿಗೆ ಹೊಕ್ಕಿತು. ಸುಗ್ಗಿಯಲ್ಲಿ ಇದು ಯಾರಿಗೂ ಹೊಸದಲ್ಲ. ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿ ಒತ್ತಿಕೊಳ್ಳುತ್ತಾರೆ, ನೀರು ಹೊಡೆದುಕೊಳ್ಳುತ್ತಾರೆ, ಮತ್ತೆ ಕೆಲಸಕ್ಕೆ ಹತ್ತುತ್ತಾರೆ. ಇವಳೂ ಹಾಗೇ ಮಾಡಿದಳು. ಆದರೆ ಇವಳ ಕಥೆ ಬೇರೆ. ಎಡಗಣ್ಣು ಸಣ್ಣವಳಿದ್ದಾಗಲೇ ದಡಾರ ಬಂದು ಹೋಗಿತ್ತು. ಇದ್ದದ್ದೇ ಆ ಬಲಗಣ್ಣು ಒಂದು.

ಮರುದಿನ ಕಣ್ಣು ಕೆಂಪಾಗಿ ಊದಿಕೊಂಡಿತು. ಆಸ್ಪತ್ರೆಗೆ ಹೋಗಲು ತಮ್ಮನಿಗೆ ಪುರುಸೊತ್ತಿರಲಿಲ್ಲ. ಕೊಯ್ಯುವ ಮಷೀನು ಆ ವಾರ ನಮ್ಮ ಇನ್ನೊಂದು ಗದ್ದೆಗೆ ಬರುವುದಿತ್ತು. ಆಗ ನಮ್ಮವ್ವ ಮುಂದೆ ಬಂದಳು. ಅವ್ವನಿಗೆ ಅದರ ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿದ್ದೆವು. ಆಮೇಲೆ ಹಾಕಿಕೊಳ್ಳಲು ಕೊಟ್ಟಿದ್ದ ಹನಿಗಳಲ್ಲಿ ಒಂದು ಸೀಸೆ ಅರ್ಧ ಉಳಿದಿತ್ತು. ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದಳು. ತನಗೆ ಬೆಳಕು ಬಂದದ್ದು ಆಪರೇಷನ್ನಿನಿಂದಲ್ಲ, ಆ ಹನಿಯಿಂದ ಎಂದು ಅವಳ ನಂಬಿಕೆ. ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದಿನಾ ಬೆಳಗ್ಗೆ ಸಂಜೆ ತಾನೇ ಹಾಕಿದಳು. ಕೆಂಪು ಇಳಿಯಿತು, ನೋವು ಕಡಿಮೆಯಾಯಿತು. ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. ನಾನು ಬಳ್ಳಾರಿಯಿಂದ ಫೋನಿನಲ್ಲಿ ಕೇಳಿ, "ಚೊಲೋ ಆತು ಬಿಡವ್ವಾ" ಎಂದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕೆಲವು ದಿನ ಕಳೆದ ಮೇಲೆ ಕರಿಗುಡ್ಡೆಯ ಮೇಲೆ ಹೂ ಬಿತ್ತು. ಬಿಳಿ ಕಲೆಯಂಥ ಹೂ. ತಮ್ಮ ಅವಳನ್ನು ಬಳ್ಳಾರಿಗೆ ಕರೆತಂದಾಗ ಅವಳಿಗೆ ನನ್ನ ಮನೆಯ ಹೊಸ್ತಿಲು ಕಾಣಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಬಹಳ ಹೊತ್ತು ನೋಡಿ, "ಏನು ಹಾಕಿದ್ರಿ ಕಣ್ಣಿಗೆ?" ಎಂದರು. ಅವ್ವ ಅದಕ್ಕೇ ಕಾದಿದ್ದವಳಂತೆ ಎಲೆಅಡಿಕೆ ಸಂಚಿಯಿಂದ ಆ ಸೀಸೆ ತೆಗೆದು ಕೊಟ್ಟಳು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಜ್ಜಿ, ಇದು ಆಪರೇಷನ್ ಆದ ಕಣ್ಣಿಗೆ ಒಳ್ಳೆಯದು. ನೆಲ್ಲಿನ ಮುಳ್ಳು ಚುಚ್ಚಿದ ಗಾಯದಲ್ಲಿ ಬೂಷ್ಟು ಬೆಳೆಯುತ್ತೆ. ಈ ಹನಿ ಹಾಕಿದರೆ ಆ ಬೂಷ್ಟಿಗೆ ಗೊಬ್ಬರ ಹಾಕಿದ ಹಾಗೆ" ಎಂದರು. ಅವ್ವ ಸೀಸೆಯನ್ನು ವಾಪಸು ತೆಗೆದುಕೊಂಡು ಸಂಚಿಗೆ ಹಾಕಿಕೊಂಡಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ತನ್ನ ಕನ್ನಡಕ ತೆಗೆದಳು. ಇವತ್ತಿನವರೆಗೂ ಅದನ್ನು ಹಾಕಿಕೊಂಡಿಲ್ಲ. ಕೇಳಿದರೆ, "ಸೊಸಿ ಕಣ್ಣು ಕಳದಾಕಿ ನಾನು, ಇನ್ನ ನೋಡೋದು ಏನೈತಿ ನನಗ" ಎನ್ನುತ್ತಾಳೆ.

ಗಾಯ ಮಾಯಲು ತಾಸಿಗೊಮ್ಮೆ ಬೇರೆ ಹನಿ ಹಾಕಬೇಕಿತ್ತು, ಮತ್ತೆ ಮತ್ತೆ ತೋರಿಸಬೇಕಿತ್ತು. ಪಂಪಮ್ಮ ನಮ್ಮ ಮನೆಯಲ್ಲಿ ಉಳಿದಳು. ನಮ್ಮ ಮನೆ ಕಂಟೋನ್ಮೆಂಟಿನಲ್ಲಿ. ಬೇಸಿಗೆ ಹತ್ತಿರ ಬರುವ ಹೊತ್ತಿಗೆ ಗಾಯ ಮಾಯಿತು, ಹೂ ಮಾತ್ರ ಗಟ್ಟಿಯಾಗಿ ಕೂತಿತು. ಅವಳಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಣ್ಣಿನ ಮುಂದಿನ ಆ ಪರದೆ ತೆಗೆದು, ಸತ್ತವರು ದಾನ ಕೊಟ್ಟ ಪರದೆ ಹಾಕಿದರೆ ಕಾಣಬಹುದು ಎಂದರು ಡಾಕ್ಟರಮ್ಮ. ಸರದಿಯಲ್ಲಿ ಹೆಸರು ಬರೆಸಿದೆವು. "ನಮ್ಮವರೇ ಯಾರಾದರೂ ಕೊಟ್ಟರೆ ಇವಳಿಗೇ ಹಾಕ್ತೀರೇನು?" ಎಂದು ನಾನು ಕೇಳಿದೆ. "ಹಾಗೆ ಹೆಸರು ಹೇಳಿ ಕೊಡೋ ಹಾಗಿಲ್ಲ. ಬಂದ ಕಣ್ಣು ಸರದಿಯ ಪ್ರಕಾರ ಯಾರಿಗೆ ಹೊಂದುತ್ತೋ ಅವರಿಗೆ" ಎಂದು ಅವರು ಬಿಡಿಸಿ ಹೇಳಿದರು. ಈ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಸುಳ್ಳು ಹೇಳಿಕೊಳ್ಳಲು ಆಮೇಲೆ ಬಹಳ ಸಲ ಪ್ರಯತ್ನಪಟ್ಟಿದ್ದೇನೆ.

ಬಳ್ಳಾರಿಯ ಬಿಸಿಲು ಗೊತ್ತಲ್ಲ, ಗೋಡೆ ಮುಟ್ಟಿದರೆ ಸಂಜೆಯಲ್ಲೂ ಸುಡುತ್ತದೆ. ಪಂಪಮ್ಮ ಆ ಗೋಡೆಗಳನ್ನೇ ಸವರಿಕೊಂಡು ಮನೆಯ ತುಂಬ ಓಡಾಡಲು ಕಲಿತಳು. ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಿಂದ ಆರಿಸುತ್ತಿದ್ದಳು. ಊರಲ್ಲಿದ್ದ ಮಗಳು ಫೋನು ಮಾಡಿದರೆ, "ಇವತ್ತ ಯಾವ ಅಂಗಿ ಹಾಕ್ಕೊಂಡಿ? ಜಡಿ ಎಲ್ಲಿತನಾ ಬಂದೈತಿ?" ಎಂದು ಕೇಳುತ್ತಿದ್ದಳು. ಅವಳನ್ನು ಹಾಗೆ ನೋಡಿ ನೋಡಿ ನನ್ನ ಬುದ್ಧಿ ಕೆಟ್ಟಿತು.

ನಾನು ಯಾರಾದರೂ ಸಾಯಲಿ ಎಂದು ಕಾಯತೊಡಗಿದೆ. ಹೀಗೆ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಇದ್ದದ್ದು ಹಾಗೆಯೇ. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಅಯ್ಯೋ ಪಾಪ ಎನ್ನುವ ಮೊದಲು ಇನ್ನೊಂದು ಯೋಚನೆ ಬರುತ್ತಿತ್ತು. ಬೆಳಗ್ಗೆ ಪೇಪರಿನಲ್ಲಿ ಮೊದಲು ನಿಧನದ ಸುದ್ದಿ ಓದುತ್ತಿದ್ದೆ. ಪಕ್ಕದ ಮನೆಯ ಅಜ್ಜ ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದರು. ಅವರಿಗೆ ಮಜ್ಜಿಗೆ ತೆಗೆದುಕೊಂಡು ಹೋಗುವ ನೆಪದಲ್ಲಿ ಅವರ ಕಣ್ಣು ಎಷ್ಟು ಸ್ವಚ್ಛವಾಗಿವೆ ಎಂದು ನೋಡಿ ಬಂದೆ. ಅಜ್ಜ, "ಟೀಚರಮ್ಮಾ, ನಿನ್ನಂಥ ಸೊಸಿ ನನಗ ಇರಬೇಕಿತ್ತವಾ" ಎಂದರು. ಅವರು ಈಗಲೂ ಗಟ್ಟಿಮುಟ್ಟಾಗಿದ್ದಾರೆ, ಸಿಕ್ಕಾಗಲೆಲ್ಲ ಆ ಮಜ್ಜಿಗೆಯನ್ನು ನೆನೆಸಿಕೊಳ್ಳುತ್ತಾರೆ.

ಒಂದು ದಿನ ಆಂಬುಲೆನ್ಸ್ ಸದ್ದಿಗೆ ನಾನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದೆ. ಪಂಪಮ್ಮ ಮೂಲೆಯಿಂದಲೇ, "ಅಕ್ಕಾ, ನನ್ನ ಸಲುವಾಗಿ ಯಾರ ಮನಿ ಬಾಗಲಾನೂ ಕಾಯಬ್ಯಾಡ್ರಿ" ಎಂದಳು. ಕಣ್ಣಿಲ್ಲದೆ ಅವಳಿಗೆ ಅದು ಹೇಗೆ ಕಂಡಿತೋ. ಲಟ್ಟಣಿಗೆಯ ಸದ್ದು ನಿಂತದ್ದರಿಂದಲೇ ಇರಬೇಕು.

ಬಿಸಿಲು ನೆತ್ತಿ ಸುಡುತ್ತಿದ್ದ ಆ ದಿನಗಳಲ್ಲಿ ಒಂದು ಬೆಳಗ್ಗೆ ಕುರುಗೋಡಿನಿಂದ ಫೋನು ಬಂತು. ನೀಲಮ್ಮತ್ತೆ ಹೋಗಿಬಿಟ್ಟಿದ್ದಳು. ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವಳು ಏಳಲಿಲ್ಲ.

ಹೈಸ್ಕೂಲು ಮುಗಿಯುವವರೆಗೆ ನಾನು ಬೆಳೆದದ್ದು ಆ ಅತ್ತೆಯ ಮನೆಯಲ್ಲಿ. ನನಗೆ ತಲೆ ಬಾಚಿದವಳು, ಮೊದಲ ಸಲ ಸೀರೆ ಉಡಿಸಿದವಳು ಅವಳು. ಪಂಪಮ್ಮನನ್ನು ನಮ್ಮ ಮನೆಗೆ ತಂದವಳೂ ಅವಳೇ. ಒಂದು ಕಣ್ಣಿನ ಹುಡುಗಿ ಎಂದು ಎಲ್ಲರೂ ಮೂಗು ಮುರಿದಾಗ, "ಎರಡು ಕಣ್ಣಿದ್ದಾಕಿ ನೋಡದ್ದನ್ನ ಈಕಿ ಒಂದರಾಗ ನೋಡ್ತಾಳ, ತರ್ರಿ ಸುಮ್ನ" ಎಂದು ನಿಂತು ಮದುವೆ ಮಾಡಿಸಿದ್ದಳು. ಅಂಥ ಅತ್ತೆ ಸತ್ತ ಸುದ್ದಿ ಕೇಳಿ ನಾನು ಅಳಬೇಕಿತ್ತಲ್ಲವೇ? ನಾನು ಗಡಿಯಾರ ನೋಡಿದೆ. ಆರು ತಾಸಿನೊಳಗೆ ತೆಗೆಯಬೇಕು ಎಂದು ಆಸ್ಪತ್ರೆಯವರು ಹೇಳಿದ್ದು ನೆನಪಿತ್ತು. ಕುರುಗೋಡು ಬಸ್ಸಿನಲ್ಲಿ ಕೂತು ಆಸ್ಪತ್ರೆಗೆ ಫೋನು ಮಾಡಿ ವಿಳಾಸ ಹೇಳಿದೆ. ಆ ಮನೆಯವರನ್ನು ಇನ್ನೂ ಒಂದು ಮಾತು ಕೇಳಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಅತ್ತೆಯನ್ನು ಕೂಡಿಸಿಬಿಟ್ಟಿದ್ದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಬೀಳದಂತೆ ಬಟ್ಟೆಯ ದಟ್ಟಿ ಕಟ್ಟಿ ಕೂಡಿಸುತ್ತಾರೆ. ಊರವರು ಬಂದು ಎದುರು ನಿಂತು ಮುಖ ನೋಡಿ ಹೋಗುತ್ತಾರೆ. ಹಾಗೇ ಕೂಡಿಸಿಕೊಂಡು ಹೋಗಿ, ಕೂತಂತೆಯೇ ಸಮಾಧಿ ಮಾಡುತ್ತಾರೆ. ಅತ್ತೆ ಹಣೆತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರದೊಂದಿಗೆ ಕೂತಿದ್ದಳು. ಕಣ್ಣು ಮುಚ್ಚಿದ್ದವು. ನಾನು ಮೊದಲು ನೋಡಿದ್ದು ಅವನ್ನೇ.

ಬಸಪ್ಪ ಮಾವನನ್ನು ಹಿತ್ತಲಿಗೆ ಕರೆದೆ. ಒಂದು ಕಾಲದಲ್ಲಿ ನನಗೆ ಗಂಡನಾಗಬೇಕಿದ್ದ ಮನುಷ್ಯ. ಅತ್ತು ಅತ್ತು ದನಿ ಬಿದ್ದಿತ್ತು.

"ಮಾವ, ಬಳ್ಳಾರಿಯಿಂದ ಡಾಕ್ಟ್ರು ದಾರಿ ಹಿಡದಾರ. ಅತ್ತಿ ಕಣ್ಣು ಕೊಡೂಣು."

ಮಾವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬೇವಿನ ಮರಕ್ಕೆ ಕೈ ಕೊಟ್ಟು ನಿಂತ.

"ಕೂಡ್ರಿಸ್ಯಾಗೈತಿ ಸುವರ್ಣಾ. ಕುಂತಾಕಿನ್ನ ಮತ್ತ ಮಲಗಸಾಕ ಬರ್ತೈತೇನು?"

"ಅರ್ಧ ತಾಸು ಅಷ್ಟ ಮಾವ. ಆಮ್ಯಾಲ ಮತ್ತ ಕೂಡ್ರಸೂಣು. ಮಾರಿ ಹೆಂಗಿತ್ತೋ ಹಂಗ ಇರತೈತಿ."

"ಊರ ಮಂದಿ ಮಾರಿ ನೋಡಾಕ ಬರಾಕತ್ತಾರ. ಕಣ್ಣಿಲ್ಲದ ಮಾರಿ ತೋರಸ್ಲೇನು ನಮ್ಮವ್ವಂದು? ನನ್ನ ಕಡಿಂದ ಆಗಂಗಿಲ್ಲ. ಬಿಟ್ಟುಬಿಡು."

ಅಲ್ಲಿಗೇ ಬಿಡಬೇಕಿತ್ತು. ಇಲ್ಲವೇ ನಿಜ ಹೇಳಿ ಕೇಳಬೇಕಿತ್ತು, ಯಾರೋ ಗುರುತಿಲ್ಲದ ಇಬ್ಬರಿಗೆ ಕಣ್ಣು ಬರುತ್ತದೆ, ನಿನ್ನ ಮನಸ್ಸು ಒಪ್ಪಿದರೆ ಕೊಡು ಎಂದು. ಶಾಲೆಯಲ್ಲಿ ಮಕ್ಕಳಿಂದ ಹೇಳಿಸುವುದು ಅದನ್ನೇ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ಯಾರಿಗೋ ಅಲ್ಲ ಮಾವ. ನಮ್ಮ ಪಂಪಮ್ಮಗ ಹಾಕ್ತಾರ."

ಮಾವ ತಲೆ ಎತ್ತಿದ. "ಖರೇನ?"

"ಖರೇ."

ಅವನು ಬಹಳ ಹೊತ್ತು ಅಂಗೈಯಿಂದ ಮುಖ ಒರೆಸಿಕೊಂಡ. "ಅಕಿ ಅಂದ್ರ ಅವ್ವಗ ಜೀವ. ಆತು, ಕರಸು" ಎಂದ. ಒಳಗೆ ಹೋಗಿ, ನೆರೆದಿದ್ದ ಹಿರಿಯರ ಎದುರು ತಾನೇ ನಿಂತು ಹೇಳಿ, ಕೂತ ತಾಯಿಯನ್ನು ತಾನೇ ಎತ್ತಿ ಮಲಗಿಸಿದ. "ಕೂಡ್ರಿಸಿದ ಹೆಣ ಎಬ್ಬಿಸಿದ್ರಲ್ಲೋ" ಎಂದು ಯಾರೋ ಹಿಂದೆ ಗೊಣಗಿದರು. ಬಂದವರು ಸೀರೆಯ ಮರೆಯಲ್ಲಿ ಕೆಲಸ ಮುಗಿಸಿದರು. ಮಾವ ಮತ್ತೆ ತಾಯಿಯನ್ನು ಕೂಡಿಸಿ, ಅಳಿಸಿದ್ದ ವಿಭೂತಿ ಹೊಸದಾಗಿ ಹಚ್ಚಿದ. ಮುಖ ಮೊದಲಿನಂತೆಯೇ ಇತ್ತು. ಆದರೂ ಬಂದ ಹೆಂಗಸರು ಹಾರದ ಕಡೆ ನೋಡಿದರು, ಪಾದದ ಕಡೆ ನೋಡಿದರು, ಕಣ್ಣಿನ ಕಡೆ ನೋಡಲಿಲ್ಲ. ಮಾವ ಅದನ್ನೆಲ್ಲ ಕಂಡೂ ಕಾಣದವನಂತೆ ತಾಯಿಯ ಪಕ್ಕದಲ್ಲಿಯೇ ನಿಂತಿದ್ದ. ಅಷ್ಟಾದರೂ ನನಗೆ ಅಳು ಬರಲಿಲ್ಲ. ಆಸ್ಪತ್ರೆಯಿಂದ ಪಂಪಮ್ಮನಿಗೆ ಯಾವಾಗ ಕರೆ ಬರುತ್ತದೋ ಎಂದು ಫೋನು ನೋಡುತ್ತಿದ್ದೆ.

ಕರೆ ಬರಲಿಲ್ಲ. ಬಂದದ್ದು ಮೊದಲ ಮಳೆ ಬಿದ್ದ ಮೇಲೆ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮೊದಲು ನಾನು ನರ್ಸಮ್ಮನನ್ನು ಕೇಳಿದೆ, ಇದು ನಮ್ಮ ಅತ್ತೆಯದಿರಬಹುದೇ ಎಂದು. "ಅಲ್ಲಮ್ಮ. ಅವರದು ಆ ವಾರದಲ್ಲೇ ಬೇರೆ ಇಬ್ಬರಿಗೆ ಹಾಕಿ ಆಯ್ತು. ಇದು ಯಾರದು, ಅವು ಯಾರಿಗೆ ಅಂತ ಹೇಳಂಗಿಲ್ಲ" ಎಂದರು. ಪಂಪಮ್ಮ ನನ್ನ ಕೈ ಹಿಡಿದು ನಿಂತಿದ್ದಳು. ಕೇಳಿಸಿಕೊಂಡಳು.

ಪಟ್ಟಿ ಬಿಚ್ಚಿದಾಗ ಅವಳಿಗೆ ಮೊದಲು ಎಲ್ಲ ಮಸುಕು. ದಿನ ಕಳೆದಂತೆ ತಿಳಿಯಾಯಿತು. ಮಗಳ ಜಡೆ ಹಿಡಿದುಕೊಂಡು ಅತ್ತಳು, ಅವ್ವನ ಹತ್ತಿರ ಹೋಗಿ, "ಅತ್ತಿ, ನಿಮ್ಮ ಚಸ್ಮಾ ಎಲ್ಲಿ?" ಎಂದು ಬೈದಳು. ಅದೇ ದಿನ ಸಂಜೆ ಬಸಪ್ಪ ಮಾವನ ಫೋನು ಬಂತು. "ಸುವರ್ಣಾ, ನಮ್ಮವ್ವಗ ಕಾಣಾಕತ್ತೈತೇನು?" ಎಂದ. ನಾನು "ಹೂಂ ಮಾವ" ಎಂದೆ. ಆ ಕಡೆಯಿಂದ ಮೂಗೇರಿಸಿದ ಸದ್ದು ಬಂತು.

ಆ ವರ್ಷ ನಮ್ಮ ಶಾಲೆಯಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಸ್ವಂತ ಅತ್ತೆಯ ಕಣ್ಣು ಕೊಡಿಸಿದ ಧೀರೆ ಎಂದು ಭಾಷಣವಾಯಿತು. ಯಾರೋ ಇಬ್ಬರಿಗೆ ಬೆಳಕು ಬಂದದ್ದು ನಿಜ. ಸುಳ್ಳು ಹೇಳಿದ್ದರಿಂದಲೇ ಬಂತು ಎಂಬುದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಸಲ ನೋಡಿದರೂ ನನಗೆ ಸಮಾಧಾನ ಸಿಕ್ಕಿಲ್ಲ. ಶಾಲನ್ನು ಟ್ರಂಕಿನ ತಳಕ್ಕೆ ಹಾಕಿದ್ದೇನೆ.

ಕುರುಗೋಡಿನ ಮನೆಯ ಮುಂದೆ ಚಪ್ಪರ ಹಾಕಿದ್ದರು. ನಾವು ಇಳಿದು ಬರುವುದನ್ನು ಕಂಡ ಮಾವ ಎದ್ದು ಬಂದ. ನನ್ನ ಕಡೆ ತಲೆಯಾಡಿಸಿ, ಪಂಪಮ್ಮನ ಎದುರು ನಿಂತು ಅವಳ ಬಲಗಣ್ಣನ್ನೇ ನೋಡಿದ. ವಯಸ್ಸಿನಲ್ಲಿ ತನಗಿಂತ ಎಷ್ಟೋ ಸಣ್ಣವಳಾದ ಅವಳಿಗೆ, "ಬಾ ಅವ್ವಾ" ಎಂದ.

ತೊಟ್ಟಿಲಿನಿಂದ ಕೂಸನ್ನು ಎತ್ತಿ ಅವಳ ಮುಖದ ಹತ್ತಿರ ಹಿಡಿದ. "ನೋಡವ್ವಾ, ನಿನ್ನ ಹೆಸರಿನಾಕಿ. ಮೂಗು ನಿಂದ ಬಂದೈತಿ." ಪಂಪಮ್ಮ ನೋಡಿದಳು. ಆಮೇಲೆ ಅವಳನ್ನು ಮನೆಯೆಲ್ಲ ಸುತ್ತಿಸಿದ. ಹೊಸದಾಗಿ ಕಟ್ಟಿಸಿದ ಅಡಿಗೆ ಮನೆ ತೋರಿಸಿದ, ಎಮ್ಮೆ ಹಾಕಿದ ಕರು ತೋರಿಸಿದ. ಹಿತ್ತಲಲ್ಲಿ ಬೇವಿನ ಮರವಿದ್ದ ಜಾಗದಲ್ಲಿ ಬುಡ ಮಾತ್ರ ಉಳಿದಿತ್ತು. ಮಾವ ಅದರ ಮುಂದೆ ನಿಂತು, ತಪ್ಪು ಮಾಡಿ ಸಿಕ್ಕಿಬಿದ್ದ ಮಗನಂತೆ, "ನಾ ಕಡಿಸಿದ್ದಲ್ಲವ್ವಾ. ಗಾಳಿಗಿ ಬಿತ್ತು. ನಿನ್ನಾಣಿ" ಎಂದ.

ನನ್ನಿಂದ ಇನ್ನು ತಡೆಯಲಾಗಲಿಲ್ಲ. ಎರಡು ವರ್ಷದಿಂದ ಗಂಟಲಲ್ಲಿ ಇದ್ದದ್ದು ಹೊರಗೆ ಬರಲಿ ಎಂದು ಮುಂದೆ ಹೋಗಿ, "ಮಾವ, ನಿನಗ ಒಂದು ಮಾತು ಹೇಳಬೇಕು" ಎಂದೆ.

ಪಂಪಮ್ಮ ನನ್ನ ಕಡೆ ತಿರುಗಲಿಲ್ಲ. ಬೇವಿನ ಬುಡವನ್ನೇ ನೋಡುತ್ತ, "ಅಕ್ಕಾ, ಸ್ವಲ್ಪ ತಡೀರಿ. ನಾ ಇನ್ನಾ ನೋಡಾಕತ್ತೀನಿ" ಎಂದಳು. ಆಮೇಲೆ ಮಾವನಿಗೆ, "ಹೋಗ್ಲಿ ಬಿಡಪಾ. ಇನ್ನೊಂದು ಸಸಿ ಹಚ್ಚು" ಎಂದಳು. ಅತ್ತೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದಳು. ಮಾವ ಬಾಯಿಗೆ ಟವೆಲು ಒತ್ತಿಕೊಂಡು ಆ ಕಡೆ ತಿರುಗಿದ. ಅತ್ತೆಯ ಸಾವಿಗೆ ಬರದಿದ್ದ ಅಳು ನನಗೆ ಆ ಹಿತ್ತಲಲ್ಲಿ ಬಂತು. ಕರುವಿನ ಹಗ್ಗ ಹಿಡಿದುಕೊಂಡು ಅತ್ತುಬಿಟ್ಟೆ.

ವಾಪಸು ಬಸ್ಸಿನಲ್ಲೂ ಕಿಟಕಿಯ ಸೀಟಿನಲ್ಲಿ ನಾನೇ ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವಳಿಗೆ, "ನಿನಗ ಗೊತ್ತಿತ್ತಲ್ಲ, ಅದು ಅತ್ತಿ ಕಣ್ಣಲ್ಲ ಅಂತ" ಎಂದೆ.

"ಗೊತ್ತೈತಿ. ನರ್ಸಮ್ಮ ಹೇಳಿದಾಗ ನಾ ಅಲ್ಲೇ ಇದ್ದೆ."

"ಮತ್ತ್ಯಾಕ ನನ್ನ ತಡದಿ?"

"ಅತ್ತಿ ಕಣ್ಣು ಎಲ್ಲಿ ಅದಾವೋ, ಯಾರ ಮನಿ ನೋಡಾಕತ್ತಾವೋ ಏನೋ. ಆ ಮನಿ ನೋಡಾಕ ಯಾರರ ಬೇಕಿತ್ತು, ನಾ ನೋಡಿದೆ" ಎಂದು ಸೆರಗಿನಿಂದ ಕಣ್ಣಂಚು ಒರೆಸಿಕೊಂಡಳು. "ಹೇಳೋದಿದ್ರ ಹೇಳ್ರಿ ಅಕ್ಕಾ. ಅದು ನಿಮ್ಮ ಬಾಯಿಂದ ಬಂದ ಮಾತು, ನೀವ ತಗೀಬೇಕು. ಕೂಸಿನ ಹೆಸರಿಟ್ಟ ದಿನ ಬ್ಯಾಡ ಅನ್ನಿಸ್ತು ಅಷ್ಟ."

ಹೇಳುತ್ತೇನೆ, ಇವತ್ತೇ ಫೋನಿನಲ್ಲಿ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿರುವಾಗಲೇ ಫೋನು ರಿಂಗಾಯಿತು. ಬಸಪ್ಪ ಮಾವ. ಸುತ್ತ ಇನ್ನೂ ಮಂದಿಯ ಗದ್ದಲವಿತ್ತು, ಕೂಸು ಅಳುತ್ತಿತ್ತು.

"ಸುವರ್ಣಾ, ಬಸ್ಸು ಸಿಕ್ತಲ್ಲ? ಕುಂದ್ರಾಕ ಜಾಗ ಐತೇನು?"

"ಐತಿ ಮಾವ. ಮಾವ, ನಾನು..."

"ಏನಿಲ್ಲ, ಒಂದು ಮಾತು ಮರ್ತಿದ್ದೆ. ಅವ್ವನ್ನ ಕಿಟಕಿ ಕಡೆ ಕೂಡ್ರಸು. ನೆಲ್ಲು ಬಂದೈತಿ, ನೋಡಿಕೋತ ಹೋಗ್ಲಿ."

"ಹೂಂ ಮಾವ" ಎಂದೆ. ಫೋನು ಇಟ್ಟು, ಎದ್ದು ನಿಂತು, ಪಂಪಮ್ಮನನ್ನು ಕಿಟಕಿಯ ಕಡೆ ಕೂಡಿಸಿದೆ.